ಹೊತ್ತು ಮುಳುಗಿದ ಮೇಲಿನ ಹಸಿವು

ನನ್ನ ಮಗಳಿಗೆ ಹಸಿವಾಗುತ್ತಿದ್ದದ್ದು ರಾತ್ರಿ ಎಂಟಕ್ಕೆ. ನಮ್ಮ ಅಡುಗೆಮನೆಯ ಕದ ಹಾಕುತ್ತಿದ್ದದ್ದು ಸಂಜೆ ಆರೂವರೆಗೆ. ಎಂಟು ತಿಂಗಳು ನಾನು ಇವೆರಡರ ನಡುವೆ ಸುಳ್ಳು ಹೇಳಿಕೊಂಡು ದಿನ ನೂಕಿದೆ. ಇನ್ನೊಬ್ಬ ತಾಯಿ ಹಾಗೆ ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ಆದದ್ದನ್ನು ಹೇಳಬಲ್ಲೆ ಅಷ್ಟೇ.

ನಾವು ಶಿರಗುಪ್ಪಿಯವರು, ಜೈನರು. ಕಬ್ಬಿನ ಹೊಲ ಇದೆ, ಜೊತೆಗೆ ಒಂದಿಷ್ಟು ದ್ರಾಕ್ಷಿ. ಮನೆಯಲ್ಲಿ ನಾನು, ನಮ್ಮವರು, ಅತ್ತೆ ಮತ್ತು ಮಗಳು ಸೃಷ್ಟಿ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ. ಕತ್ತಲಲ್ಲಿ ಕಣ್ಣಿಗೆ ಕಾಣದ ಜೀವ ಬಾಯಿಗೆ ಹೋದೀತು ಅಂತ ಹಿರಿಯರು ಮಾಡಿಟ್ಟ ನಿಯಮ ಅದು. ಈಗ ಎಲ್ಲರ ಮನೆಯಲ್ಲೂ ಅಷ್ಟು ಬಿಗಿ ಉಳಿದಿಲ್ಲ. ನಮ್ಮ ಅತ್ತೆ ಮಾತ್ರ ಮದುವೆಯಾಗಿ ಬಂದಾಗಿನಿಂದ ಒಂದು ದಿನ ತಪ್ಪಿಸಿದವರಲ್ಲ. ನನಗೂ ಅದು ಯಾವತ್ತೂ ಭಾರ ಅನಿಸಿರಲಿಲ್ಲ. ಚಿಕ್ಕೋಡಿಯಲ್ಲಿ ಕಾಲೇಜು ಓದುವಾಗ ಹಾಸ್ಟೆಲಿನಲ್ಲೂ ಸಂಜೆಯೇ ಉಂಡು ಪುಸ್ತಕ ಹಿಡಿಯುತ್ತಿದ್ದವಳು ನಾನು.

ಸೃಷ್ಟಿ ನಡೆಯುವುದನ್ನು ಕಲಿಯಲೇ ಇಲ್ಲ, ನೇರ ಓಡುವುದನ್ನೇ ಕಲಿತಳು ಅಂತ ನಮ್ಮವರು ಮೊದಮೊದಲು ನಗುತ್ತಿದ್ದರು. ಎರಡನೇ ಇಯತ್ತೆಗೆ ಬರುವಷ್ಟರಲ್ಲಿ ಆ ನಗು ನಿಂತಿತು. ವಾರಕ್ಕೊಂದು ಕಂಪಾಸ್ ಪೆಟ್ಟಿಗೆ ಕಳೆಯುತ್ತಿತ್ತು, ಚಪ್ಪಲಿ ಒಂದೊಂದೇ ಮನೆಗೆ ಬರುತ್ತಿತ್ತು. ಶಾಲೆಯಿಂದ ಕರೆ ಬಂದಾಗಲೆಲ್ಲ ನನ್ನ ಮುಖ ಸಣ್ಣದಾಗುತ್ತಿತ್ತು.

"ವೈನಿ, ಸಿಟ್ಟ ಮಾಡ್ಕೋಬ್ಯಾಡ್ರಿ," ಅಂದರು ಅವಳ ಟೀಚರ್. "ಹುಡಗಿ ಶಾಣೇಕಿ ಅದಾಳ. ಆದ್ರ ಒಂದ ಸಾಲ ಬರದು ಕಿಡಕಿ ಹತ್ರ ಹೋಗಿ ನಿಂತಿರ್ತಾಳ. ನಾ ಬೈದ್ರೂ ಆಕಿ ನಗತಾಳ. ಒಮ್ಮೆ ಡಾಕ್ಟರ್‌ಗೆ ತೋರಿಸ್ರಿ."

ಡಾಕ್ಟರ್ ಅಂದ ಕೂಡಲೇ ನನಗೆ ಸಿಟ್ಟು ಬಂತು. ನನ್ನ ಮಗಳಿಗೆ ಹುಚ್ಚು ಅಂತ ಹೇಳುತ್ತಿದ್ದಾಳೆ ಇವಳು ಅನಿಸಿತು. ಮನೆಗೆ ಬಂದು ಫೋನ್ ಹಿಡಿದು ಕೂತೆ. ಅದರಲ್ಲಿ ಯಾರೋ ಒಬ್ಬಾಕೆ, ಮಕ್ಕಳ ಚಂಚಲತೆಗೆಲ್ಲ ಸಕ್ಕರೆಯೇ ಕಾರಣ, ಸಕ್ಕರೆ ಬಿಡಿಸಿ ನೋಡಿ ಅಂತ ಎರಡೂ ಕೈ ಮುಗಿದು ಹೇಳುತ್ತಿದ್ದಳು. ಇನ್ನೊಬ್ಬ ಗೋಧಿ ಬಿಡಿಸಿ ಅಂದ. ಮತ್ತೊಬ್ಬ ಹಾಲು ಬಿಡಿಸಿ ಅಂದ. ನಾನು ಎಲ್ಲರ ಮಾತನ್ನೂ ಕೇಳಿದೆ.

ಶಿರಗುಪ್ಪಿಯಲ್ಲಿ ಕೂತು ಮಗುವಿಗೆ ಸಿಹಿ ಬಿಡಿಸುವುದು ಅಂದರೆ ಏನು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಸಕ್ಕರೆ ಕಾರ್ಖಾನೆ ಚಾಲೂ ಆದರೆ ಗಾಳಿಗೇ ಸಿಹಿ ವಾಸನೆ. ಬಾಗಿಲ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಮಕ್ಕಳು ಟ್ರೇಲರಿನಿಂದ ಗಳ ಎಳೆದುಕೊಂಡು ಸಿಗಿದು ತಿನ್ನುತ್ತಿದ್ದರೆ ನನ್ನ ಮಗಳು ಕಿಡಕಿಯ ಸರಳು ಹಿಡಿದು ನೋಡುತ್ತಿದ್ದಳು. ಒಂದು ದಿನ ನನ್ನ ಕೈ ತಪ್ಪಿಸಿ ಓಡಿ, ಹೊರಟಿದ್ದ ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತಳು. ಡ್ರೈವರ್ ಬ್ರೇಕ್ ಒತ್ತಿದ್ದಕ್ಕೆ ಉಳಿದಳು. ಅವನು ಇಳಿದು ನನಗೆ ಬಾಯಿಗೆ ಬಂದಂತೆ ಬೈದ. ನಾನು ನಡುರಸ್ತೆಯಲ್ಲೇ ಅವಳ ಕಪಾಳಕ್ಕೆ ಹೊಡೆದೆ. ಅವಳ ಕೈಯಲ್ಲಿ ಒಂದು ಗೇಣು ಕಬ್ಬಿತ್ತು, ಅದನ್ನೂ ಕಿತ್ತು ಬಿಸಾಡಿದೆ. ಮಗು ಉಳಿಯಿತಲ್ಲ ಅಂತ ಅಪ್ಪಿಕೊಳ್ಳಬೇಕಾಗಿತ್ತು. ಅಪ್ಪಿಕೊಳ್ಳಲಿಲ್ಲ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತಿದೆ.

ಆ ವರ್ಷ ಅವಳ ತಾಟಿನಲ್ಲಿ ಉಳಿದದ್ದು ಜೋಳದ ರೊಟ್ಟಿ, ಬೇಳೆ, ಪಲ್ಯ. ಚಾತುರ್ಮಾಸದಲ್ಲಿ ಅತ್ತೆ ನೆಲದೊಳಗೆ ಬೆಳೆಯುವ ಆಲೂಗಡ್ಡೆ, ಗಜ್ಜರಿ, ಉಳ್ಳಾಗಡ್ಡಿ ತರಿಸುವುದಿಲ್ಲ, ಅವೂ ಹೋದವು. ಅಷ್ಟೆಲ್ಲ ಮಾಡಿದರೂ ಓಟ ನಿಲ್ಲಲಿಲ್ಲ. ಕಂಪಾಸ್ ಪೆಟ್ಟಿಗೆ ಕಳೆಯುವುದೂ ನಿಲ್ಲಲಿಲ್ಲ.

ಅದೇ ವರ್ಷ ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಬಸದಿಗೆ ಹೋಗಿದ್ದೆವು. ಒಂದು ವರ್ಷ ರಾತ್ರಿ ಊಟ ಬಿಡುವ ನಿಯಮ ಯಾವ ಮಕ್ಕಳು ಹಿಡಿಯುತ್ತೀರಿ ಅಂತ ಮುನಿ ಮಹಾರಾಜರು ಕೇಳಿದರು. ಎಲ್ಲರಿಗಿಂತ ಮೊದಲು ಎದ್ದು ನಿಂತವಳು ಸೃಷ್ಟಿ. ಮಹಾರಾಜರು ಹೇಳಿಕೊಟ್ಟದ್ದನ್ನು ಬಸದಿ ತುಂಬ ಕೇಳುವಂತೆ ಹೇಳಿದಳು. ಅತ್ತೆಯ ಕಣ್ಣಲ್ಲಿ ನೀರು ಬಂತು. ಪಕ್ಕದ ಹೆಂಗಸರು, "ಯಾರ ಕೂಸ್ ಬೇ ಇದು?" ಅಂತ ಕೇಳಿದರೆ, "ನಮ್ಮದ, ನಮ್ಮ ಮೊಮ್ಮಗಳ," ಅಂತ ಎರಡೆರಡು ಸಲ ಹೇಳಿದರು. ಮನೆಯಲ್ಲಿ ಹೇಗೂ ಅದೇ ಪದ್ಧತಿ ಇತ್ತು, ಹೊಸದೇನೂ ಅಲ್ಲ ಅಂತ ನಾನು ಸುಮ್ಮನಿದ್ದೆ.

ದೀಪಾವಳಿ ಮುಗಿದ ಮೇಲೆ ಟೀಚರ್ ಮತ್ತೆ ಕರೆಸಿದರು. ಈ ಸಲ ನಮ್ಮವರು ನನ್ನ ಮಾತು ಕಿವಿಗೆ ಹಾಕಿಕೊಳ್ಳದೆ ಮಿರಜದಲ್ಲಿ ಮಕ್ಕಳ ಮನಸ್ಸಿನ ಡಾಕ್ಟರ ಹತ್ತಿರ ಹೆಸರು ಹಚ್ಚಿಬಂದರು.

ಆ ದವಾಖಾನೆಯ ಹೊರಗಿನ ಕೋಣೆ ನನಗೆ ಬಾಯಿಪಾಠ. ಒಂಬತ್ತು ಕುರ್ಚಿ, ನೀಲಿ ಬಣ್ಣದ ತೂಕದ ಯಂತ್ರ, ಮುರಿದ ಆಟಿಕೆಗಳ ಒಂದು ಬುಟ್ಟಿ. ಅಲ್ಲಿ ಕೂತ ತಾಯಂದಿರು ಒಬ್ಬರನ್ನೊಬ್ಬರು ನೋಡುವುದಿಲ್ಲ. ಎಲ್ಲರೂ ತಂತಮ್ಮ ಮಗುವಿನ ಕೈ ಬಿಗಿಯಾಗಿ ಹಿಡಿದು ಗೋಡೆ ನೋಡುತ್ತಾರೆ. ಸೃಷ್ಟಿ ತೂಕದ ಯಂತ್ರ ಹತ್ತಿ ಇಳಿದು, ಹತ್ತಿ ಇಳಿದು, ಇಪ್ಪತ್ತನಾಲ್ಕು ಕಿಲೋ ಅಂತ ಇಡೀ ಕೋಣೆಗೆ ಸಾರಿದಳು. ಅಥಣಿ ಕಡೆಯ ಒಬ್ಬ ಮುದುಕಿ ಮೊಮ್ಮಗನನ್ನು ಕರಕೊಂಡು ಬಂದಿದ್ದಳು. ಆಕೆ ಮಾತ್ರ ನನ್ನ ಕಡೆ ತಿರುಗಿ, "ನಮ್ಮದೂ ಹಿಂಗ ಇತ್ತವಾ. ಈಗ ಕುಂದರತೈತಿ," ಅಂದಳು. ಆ ಒಂದು ಮಾತು ಹಿಡಿದುಕೊಂಡು ನಾನು ಒಳಗೆ ಹೋದೆ.

ಡಾಕ್ಟರಬಾಯಿ ಮರಾಠಿಯವರು, ಗಡಿಯ ಪೇಷಂಟುಗಳ ಜೊತೆ ಕನ್ನಡ ಮಾತಾಡಿ ರೂಢಿ. ಎರಡು ದಿನ ಬರಲು ಹೇಳಿ, ಅವಳಿಂದ ಬರೆಸಿ, ಓದಿಸಿ, ಆಟ ಆಡಿಸಿ, ಶಾಲೆಯ ಕಾಗದ ನೋಡಿ, ಕೊನೆಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಮೈ ಸುಮ್ಮನಿರದ ತೊಂದರೆ, ಅಂದರು.

"ಘಾಬರೂ ನಕಾ, ಗಾಬರಿ ಆಗಬ್ಯಾಡ್ರಿ," ಅಂದರು. "ಇದು ನಿಮ್ಮ ತಪ್ಪಲ್ಲ, ಸಕ್ಕರಿ ತಪ್ಪೂ ಅಲ್ಲ. ಊಟ ಕಮ್ಮಿ ಮಾಡಿ ಸುಧಾರಿಸೋ ಜಡ್ಡಲ್ಲ ಇದು. ಆಕಿಗೆ ಮದಲಿನಂಗ ಎಲ್ಲಾ ತಿನ್ನಾಕ ಕೊಡ್ರಿ."

ನಾನು ಒಂದು ವರ್ಷ ಮಗುವಿನ ಬಾಯಿ ಕಟ್ಟಿದ್ದು ಸುಮ್ಮನೆ ಅಂತ ಅವರು ಇಷ್ಟು ಮೆಲ್ಲಗೆ ಹೇಳಿದರು. ಬೈದಿದ್ದರೆ ವಾಸಿ ಇತ್ತು.

ಬಸ್ಸಿಗೆ ಕಾಯುತ್ತ ನಿಂತಾಗ ನಮ್ಮವರು ಕೆಳಗೆ ಕೂತು ಸೃಷ್ಟಿಯ ಚಪ್ಪಲಿ ಸರಿಮಾಡಿದರು. ಆಮೇಲೆ, "ನಾನೂ ಹಿಂಗ ಇದ್ದೆ," ಅಂದರು. "ಮಾಸ್ತರ ನನ್ನ ಕಂಬಕ್ಕ ಕಟ್ಟಿ ಪಾಠಾ ಮಾಡತಿದ್ರು. ಏಳನೇತ್ತಕ್ಕ ಸಾಲಿ ಬಿಟ್ಟೆ. ಈಕಿಗೆ ಗುಳಿಗಿ ಕೊಡೂಣು." ಹನ್ನೊಂದು ವರ್ಷದ ಸಂಸಾರದಲ್ಲಿ ಆ ಕಂಬದ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.

ಅತ್ತೆಗೆ ಒಪ್ಪಿಗೆ ಇರಲಿಲ್ಲ. "ಅಷ್ಟ ಸಣ್ಣ ಕೂಸಿಗೆ ತಲಿ ಗುಳಿಗಿ ಏನ ಬೇ? ನಾಳೆ ಗಂಡಿನವರು ಕೇಳಿದ್ರ ಏನ ಹೇಳೂದು?" ಅಂದರು. ಹುಡುಗಿಗೆ ಆಗ ಎಂಟು ವರ್ಷ. ಹಾಲುಹಲ್ಲು ಇನ್ನೂ ಪೂರ್ತಿ ಬಿದ್ದಿರಲಿಲ್ಲ. ನಮ್ಮವರು ಮಾತ್ರ ಗುಳಿಗೆ ಕೊಡಲೇಬೇಕು ಅಂತ ಪಟ್ಟು ಹಿಡಿದರು.

ಡಾಕ್ಟರಬಾಯಿ ಮೊದಲು ಬರೆದುಕೊಟ್ಟದ್ದು ಕ್ಯಾಪ್ಸೂಲು. ಅದರ ಮೇಲಿನ ಕವಚ ಏತರದ್ದು ಅಂತ ಔಷಧ ಅಂಗಡಿಯವನನ್ನು ಕೇಳಿದೆ. ಸಾಮಾನ್ಯವಾಗಿ ಪ್ರಾಣಿಗಳ ಎಲುಬು, ಚರ್ಮದಿಂದ ಮಾಡುತ್ತಾರೆ ಅಂದ. ವಾಪಸ್ ಹೋಗಿ ಬಾಗಿಲಲ್ಲಿ ನಿಂತು, ಇದು ನಮಗೆ ನಡೆಯುವುದಿಲ್ಲ ಅಂದೆ. ಅವರು ನಗಲಿಲ್ಲ. ಚೀಟಿ ಹರಿದು ಗುಳಿಗೆ ಬರೆದುಕೊಟ್ಟರು. ಬೆಳಿಗ್ಗೆ ಒಂದು, ಅಗಿಯದೆ ನುಂಗಬೇಕು, ಪರಿಣಾಮ ಸಂಜೆಯ ತನಕ ಇರುತ್ತದೆ. ಜೊತೆಗೆ ಊಟದ ಒಂದು ಹಾಳೆಯನ್ನೂ ಕೊಟ್ಟರು. ಮೊಟ್ಟೆ ಅಂತ ಇದ್ದ ಕಡೆ ತಾವೇ ಗೀಟು ಎಳೆದು, ಕೆಳಗಿನ ಸಾಲಿಗೆ ಪೆನ್ನು ಊರಿದರು.

"ಹಗಲ ಹೊತ್ತು ಆಕಿಗೆ ಹಸಿವಾಗಂಗಿಲ್ಲ. ರಾತ್ರಿ ಏಳೂವರಿ ಎಂಟಕ್ಕ ಗುಳಿಗಿ ಇಳದ ಮ್ಯಾಲ ಹಸಿವು ಬರತೈತಿ. ಆವಾಗ ಹೊಟ್ಟಿ ತುಂಬ ಉಣ್ಣಾಕ ಕೊಡ್ರಿ. ಇದು ತಪ್ಪಬಾರದು."

ನಾನು ತಲೆ ಆಡಿಸಿದೆ. ಈಗಷ್ಟೇ ಕ್ಯಾಪ್ಸೂಲಿನ ತಕರಾರು ತೆಗೆದಿದ್ದೆ, ಮತ್ತೆ ನಮ್ಮ ಮನೆ ಪದ್ಧತಿ ಬಿಡಿಸಿ ಹೇಳಲು ಸಂಕೋಚವಾಯಿತು. ಮುಂದಿನ ಸಲ ಹೇಳಿದರಾಯಿತು ಅಂದುಕೊಂಡೆ.

ಗುಳಿಗೆ ಶುರುವಾದ ನಾಲ್ಕನೇ ದಿನ ಸೃಷ್ಟಿ ಒಂದು ಪುಟ ಪೂರ್ತಿ ಬರೆದಳು. ನಾನು ಆ ಪುಟವನ್ನು ಎಷ್ಟು ಸಲ ತೆಗೆದು ನೋಡಿದೆನೋ. ಟೀಚರ್ ಫೋನ್ ಮಾಡಿ ಅತ್ತರು. ಕಂಪಾಸ್ ಪೆಟ್ಟಿಗೆ ಒಂದೇ ಒಂದು, ತಿಂಗಳುಗಟ್ಟಲೆ ಬಾಳಿತು. ಆದರೆ ಊಟದ ಡಬ್ಬಿ ಕೊಟ್ಟ ಹಾಗೇ ತಿರುಗಿ ಬರತೊಡಗಿತು. ಚಪಾತಿ, ಶೇಂಗಾ ಉಂಡಿ ಎರಡೂ ಇದ್ದಲ್ಲೇ. ಸಂಜೆ ಆರಕ್ಕೆ ತಾಟಿನ ಮುಂದೆ ಕೂತು ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದಳು. ಅತ್ತೆ ಏಳೂವರೆಗೆ ಜಪ ಮುಗಿಸಿ ಮಲಗಿದ ಮೇಲೆ ನನ್ನ ಸೆರಗು ಹಿಡಿದು ಮೆಲ್ಲಗೆ, "ಮಮ್ಮಿ, ಹಸಿವಾಗೇತಿ," ಅನ್ನುತ್ತಿದ್ದಳು.

ನಾನು ನೀರು ಕೊಟ್ಟು, ಬೆನ್ನು ತಟ್ಟಿ ಮಲಗಿಸುತ್ತಿದ್ದೆ.

ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಎರಡು ಉತ್ತರ ಇವೆ. ಅತ್ತೆಗೆ ಹೇಳಿದರೆ, ನೋಡು, ನಾ ಬೇಡ ಅಂದ ಗುಳಿಗೆಯೇ ಹಸಿವು ಕೆಡಿಸಿತು, ನಿಲ್ಲಿಸು ಅನ್ನುತ್ತಾರೆ. ಡಾಕ್ಟರಿಗೆ ಹೇಳಿದರೆ, ರಾತ್ರಿ ಊಟ ಇಲ್ಲದಿದ್ದರೆ ಗುಳಿಗೆ ಬೇಡ ಅನ್ನುತ್ತಾರೆ. ಇಬ್ಬರಲ್ಲಿ ಯಾರು ನಿಲ್ಲಿಸಿದರೂ ಆ ಒಂದು ಪುಟ ಹೋಗುತ್ತದೆ. ನನಗೆ ಆ ಪುಟ ಬೇಕಾಗಿತ್ತು. ಮಗಳ ಹೊಟ್ಟೆಗಿಂತ ನನಗೆ ಅವಳ ನೋಟ್‌ಬುಕ್ ದೊಡ್ಡದಾಗಿತ್ತು, ನಿಜ ಅದೇ. ನಮ್ಮವರಿಗೂ ಗೊತ್ತಿರಲಿಲ್ಲ. ಕಾರ್ಖಾನೆ ಹಂಗಾಮು ಮುಗಿಯುವ ತನಕ ಅವರು ಟ್ರ್ಯಾಕ್ಟರಿನ ಪಾಳಿ ಹಿಡಿದು ಕಾರ್ಖಾನೆಯ ಅಂಗಳದಲ್ಲೇ ಇರುತ್ತಿದ್ದರು. ಆಮೇಲೆ ಸಂಜೆ ಉಂಡು ಕಬ್ಬಿಗೆ ನೀರು ಹಾಯಿಸಲು ಹೊಲಕ್ಕೆ ಹೋಗಿಬಿಡುತ್ತಿದ್ದರು.

ತಿಂಗಳಿಗೊಮ್ಮೆ ಮಿರಜಕ್ಕೆ ನಾನೊಬ್ಬಳೇ ಕರಕೊಂಡು ಹೋಗುತ್ತಿದ್ದೆ. "ರಾತ್ರಿ ಉಣ್ತಾಳಲ್ರಿ?" ಅಂತ ಡಾಕ್ಟರಬಾಯಿ ಕೇಳುತ್ತಿದ್ದರು. "ಉಣ್ತಾಳ್ರಿ," ಅನ್ನುತ್ತಿದ್ದೆ. ನೀಲಿ ಯಂತ್ರ ಇಪ್ಪತ್ತಮೂರು ತೋರಿಸಿತು. ಆಮೇಲೆ ಇಪ್ಪತ್ತೆರಡೂವರೆ. ಬೇಸಿಗೆ ಕಳೆದು ಶಾಲೆ ಮತ್ತೆ ಶುರುವಾದಾಗ ಇಪ್ಪತ್ತೊಂದು. ಸೃಷ್ಟಿ ಈಗ ಅಂಕಿಯನ್ನು ಸಾರುತ್ತಿರಲಿಲ್ಲ, ಇಳಿದು ಸುಮ್ಮನೆ ಬಂದು ಕೂಡುತ್ತಿದ್ದಳು. ಹೊಸ ಯೂನಿಫಾರ್ಮ್ ಹೊಲಿಸುವ ಬದಲು ಹಳೆಯದಕ್ಕೇ ಪಿನ್ ಚುಚ್ಚಿದೆ.

ಜುಲೈಯಲ್ಲಿ ಡಾಕ್ಟರಬಾಯಿ ಹುಬ್ಬು ಗಂಟಿಕ್ಕಿದರು. ಚೆನ್ನಾಗಿ ಉಂಡೂ ಮಗು ಹೀಗೆ ಇಳಿಯುತ್ತಿದೆ ಅಂದರೆ ಬೇರೆ ಏನೋ ಇದೆ, ಥೈರಾಯ್ಡ್ ನೋಡಬೇಕು, ಟಿಬಿ ನೋಡಬೇಕು, ಎದೆಯ ಎಕ್ಸ್‌ರೇ ಆಗಬೇಕು ಅಂದರು. ರಕ್ತ ತೆಗೆಯುವ ಹುಡುಗಿ ಬಂದು ಸೃಷ್ಟಿಯ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. ತೋಳು ಎಷ್ಟು ಸಣ್ಣ ಇತ್ತೆಂದರೆ ಪಟ್ಟಿಗೆ ಎರಡು ಸುತ್ತು ಹೆಚ್ಚಿಗೆ ಹಾಕಬೇಕಾಯಿತು. ನಾಲ್ಕು ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದಳು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನು ಅದನ್ನೆಲ್ಲ ನೋಡುತ್ತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟವಳು ಸೃಷ್ಟಿ. "ಡಾಕ್ಟರ್ ಆಂಟಿ, ನಾ ರಾತ್ರಿ ಉಣ್ಣಂಗಿಲ್ರಿ," ಅಂದಳು. "ನಮ್ಮ ಮನ್ಯಾಗ ಯಾರೂ ಉಣ್ಣಂಗಿಲ್ಲ. ಹಸಿವಾದ್ರ ಮಮ್ಮಿ ನೀರ ಕೊಡ್ತಾಳ."

ಡಾಕ್ಟರಬಾಯಿ ರಬ್ಬರ್ ಪಟ್ಟಿ ತಾವೇ ಬಿಚ್ಚಿದರು. ಮಗಳನ್ನು ಹೊರಗೆ ಆಟಿಕೆಯ ಬುಟ್ಟಿಯ ಹತ್ತಿರ ಕಳಿಸಿದರು. "ನನಗ್ಯಾಕ ಹೇಳಲಿಲ್ಲ ತಾಯಿ?" ಅಂದರು, ಅಷ್ಟೇ. ನಾನು ಅವರ ಮೇಜಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಅವರು ಮುಂದಿನ ಪೇಷಂಟನ್ನು ಹತ್ತು ನಿಮಿಷ ಕಾಯಿಸಿದರು. ಆಮೇಲೆ ಇನ್ನೊಂದು ದಾರಿ ಹೇಳಿದರು. ಕಡಿಮೆ ಹೊತ್ತಿನ ಗುಳಿಗೆ ಇದೆ, ಮಧ್ಯಾಹ್ನಕ್ಕೇ ಇಳಿಯುತ್ತದೆ, ಸಂಜೆ ಐದಕ್ಕೆ ಹಸಿವಾಗುತ್ತದೆ. ನಿಮ್ಮ ನಿಯಮವೂ ಉಳಿಯುತ್ತದೆ, ನೋಡೋಣ.

ಅವತ್ತು ಮನೆಗೆ ಬಂದು ಗಂಡನಿಗೂ ಅತ್ತೆಗೂ ಎಲ್ಲ ಹೇಳಿದೆ. ನಮ್ಮವರು ಎದ್ದು ಹೊಲಕ್ಕೆ ಹೋದರು. ಅತ್ತೆ ಮಾತ್ರ, "ಕೂಸು ಹಸದು ಮಲಗತಿತ್ತೇನ? ನಾ ಆಚಿ ಖೋಲ್ಯಾಗ ಇದ್ದೆ. ಒಂದ ಮಾತ ಕೇಳಬಾರದಿತ್ತೇನ ನನ್ನ?" ಅಂದರು. ಅವರು ಬೈಯುತ್ತಾರೆ ಅಂತ ನಾನೇ ತೀರ್ಮಾನ ಮಾಡಿಕೊಂಡು ಎಂಟು ತಿಂಗಳು ಕಳೆದಿದ್ದೆ. ಒಂದು ಸಲವೂ ಕೇಳಿ ನೋಡಿರಲಿಲ್ಲ.

ಕಡಿಮೆ ಹೊತ್ತಿನ ಗುಳಿಗೆ ಎರಡು ವಾರ ನಡೆಯಿತು. ಸಂಜೆ ಐದಕ್ಕೆ ಚೆನ್ನಾಗಿ ಉಂಡಳು ನಿಜ. ಆದರೆ ಮಧ್ಯಾಹ್ನ ಗುಳಿಗೆ ಇಳಿಯುತ್ತಿದ್ದ ಹಾಗೆ ಮೊದಲಿಗಿಂತ ಜಾಸ್ತಿ ಹಾರಾಟ, ಅಳು, ಸಿಟ್ಟು. ಎರಡನೇ ವಾರ ಶಾಲೆಯ ಕಂಪೌಂಡ್ ಹತ್ತಿ ಬಿದ್ದು ಹಣೆಗೆ ಮೂರು ಹೊಲಿಗೆ ಹಾಕಿಸಿಕೊಂಡಳು. ಡಾಕ್ಟರಬಾಯಿ ಫೋನಿನಲ್ಲಿ, ಇವಳಿಗೆ ಇದು ಸರಿಹೋಗುತ್ತಿಲ್ಲ, ಮೊದಲಿನ ಗುಳಿಗೆಗೇ ಹೋಗೋಣ, ಆದರೆ ರಾತ್ರಿ ಊಟದ ಭರವಸೆ ಬೇಕು ಅಂದರು.

ಮರುದಿನ ಬೆಳಿಗ್ಗೆ ಅತ್ತೆ ಬಿಳಿ ಸೀರೆ ಉಟ್ಟು, ನನ್ನನ್ನೂ ಎಬ್ಬಿಸಿಕೊಂಡು, ಪಕ್ಕದ ಊರಿನಲ್ಲಿ ಚಾತುರ್ಮಾಸಕ್ಕೆ ನಿಂತಿದ್ದ ಮಹಾರಾಜರ ಹತ್ತಿರ ಹೋದರು. ಸೃಷ್ಟಿಗೆ ನಿಯಮ ಕೊಟ್ಟವರು ಅವರೇ. ಅತ್ತೆ ಕೈ ಮುಗಿದು ಎಲ್ಲ ಒಪ್ಪಿಸಿದರು. ಮಹಾರಾಜರು, ಔಷಧ ತಗೊಳ್ಳುವ ಮಗುವಿಗೆ ಈ ನಿಯಮ ಇಲ್ಲ, ಇವತ್ತಿನಿಂದಲೇ ಉಣ್ಣಿಸಿ ಅಂದರು. ಅರ್ಧ ನಿಮಿಷವೂ ಆಗಲಿಲ್ಲ. ನಾನು ಎಂಟು ತಿಂಗಳು ಹೊತ್ತುಕೊಂಡು ತಿರುಗಿದ್ದು ಅರ್ಧ ನಿಮಿಷದ ಮಾತಾಗಿತ್ತು. ಹಗುರಾಗಬೇಕಾಗಿತ್ತು, ಆಗಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆ ರಾತ್ರಿ ಎಂಟಕ್ಕೆ ಅತ್ತೆ ಗ್ಯಾಸ್ ಹಚ್ಚಿದರು. ಆ ಹೊತ್ತಿನಲ್ಲಿ ಅವರು ಒಲೆಯ ಮುಂದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಿಸಿ ಅನ್ನ, ಬೇಳೆಸಾರು, ಮೇಲೆ ತುಪ್ಪ. ಸೃಷ್ಟಿಗೆ ಹಸಿವಾಗಿತ್ತು, ಕಣ್ಣು ತಾಟಿನ ಮೇಲೇ ಇತ್ತು. ಆದರೆ ಕೈ ಮುಂದೆ ಬರಲಿಲ್ಲ.

"ಉಣ್ಣವಾ," ಅಂದರು ಅತ್ತೆ. "ಮಹಾರಾಜ್ರ ಹೇಳ್ಯಾರ. ಪಾಪ ಬರಂಗಿಲ್ಲ."

"ಪಾಪದ್ದಲ್ಲ ಆಯಿ," ಅಂದಳು. ನಮ್ಮಲ್ಲಿ ಅಜ್ಜಿಗೆ ಆಯಿ ಅನ್ನುತ್ತೇವೆ. "ಇನ್ನ ಎರಡ ತಿಂಗಳ ಅಷ್ಟ ಉಳದೈತಿ. ನಾ ಎಲ್ಲಾ ಮರೀತೀನಿ. ಪೆನ್ಸಿಲ್ ಮರೀತೀನಿ, ಹೋಮ್‌ವರ್ಕ್ ಮರೀತೀನಿ. ಇದೊಂದು ಒಂದ ದಿನಾನೂ ಮರತಿಲ್ಲ."

ಅವಳು ಹಸಿದು ಮಲಗಿದ್ದು ನನ್ನ ಮಾತು ಕೇಳಿ ಅಂತ ನಾನು ತಿಳಿದುಕೊಂಡಿದ್ದೆ. ನನ್ನ ಸೆರಗು ಹಿಡಿದು ಹಸಿವು ಅಂದ ಆ ಎಷ್ಟೋ ರಾತ್ರಿಗಳಲ್ಲಿ, ನಾನು ತಿನ್ನಲು ಕೊಟ್ಟಿದ್ದರೂ ಅವಳು ಬೇಡ ಅನ್ನುತ್ತಿದ್ದಳೋ ಏನೋ. ಹುಟ್ಟಿದಾಗಿನಿಂದ ಅವಳಿಗೆ ಎಲ್ಲರೂ ಹೇಳಿದ್ದು ಒಂದೇ, ನಿನ್ನ ಕೈಯಲ್ಲಿ ಏನೂ ಆಗುವುದಿಲ್ಲ ಅಂತ. ಅವಳ ಕೈಯಲ್ಲಿ ಆದ ಒಂದೇ ಒಂದು ಕೆಲಸವನ್ನು ನಾವು ತಾಟು ಹಾಕಿ ಕಸಿದುಕೊಳ್ಳಲು ಕೂತಿದ್ದೆವು.

ನಮ್ಮವರು ಇನ್ನೊಂದು ತಾಟು ತೆಗೆದುಕೊಂಡು ಅವಳ ಎದುರಿಗೆ ಕೂತರು. "ನಾನೂ ಉಣ್ತೀನಿ ಬಾ," ಅಂದರು. "ಪಾಳಿಯಾಗ ನಿಂತಾಗ ಕಾರ್ಖಾನಿ ಮುಂದ ನಾನೂ ರಾತ್ರಿ ಉಂಡೇನಿ, ಭಾಳ ಸಲ." ತಾಯಿಯ ಎದುರು ಅದನ್ನು ಹೇಳಲು ಅವರಿಗೆ ಏನಾಗಿರಬೇಕು ಅಂತ ನನಗೆ ಗೊತ್ತು. ಅತ್ತೆ ತಲೆ ಎತ್ತಲಿಲ್ಲ, ಮಗನ ತಾಟಿಗೂ ಅನ್ನ ಬಡಿಸಿದರು. ಸೃಷ್ಟಿ ಅಪ್ಪನ ಮುಖ ನೋಡಿದಳು, ತುತ್ತು ಕಲಸಿದಳು, ಅಳುತ್ತ ಉಂಡಳು. ಎರಡು ಸಲ ಹಾಕಿಸಿಕೊಂಡಳು. ಅವತ್ತಿನಿಂದ ಅತ್ತೆ ತಮ್ಮ ಊಟದಲ್ಲಿ ಸಿಹಿ ಬಿಟ್ಟಿದ್ದಾರೆ. ಮೊಮ್ಮಗಳು ಬಿಟ್ಟ ನಿಯಮದ ಬದಲಿಗೆ ಇರಬೇಕು ಅಂದುಕೊಂಡಿದ್ದೇನೆ.

ಈಗ ತೂಕ ಇಪ್ಪತ್ತಮೂರಕ್ಕೆ ಬಂದಿದೆ. ಗುಳಿಗೆ ನುಂಗುವ ಮೊದಲೇ ಬೆಳಿಗ್ಗೆ ಹಾಲು, ತುಪ್ಪ ಹಚ್ಚಿದ ಚಪಾತಿ, ಬೆಲ್ಲ ಕೊಡುತ್ತೇನೆ. ರಾತ್ರಿ ಎಂಟಕ್ಕೆ ಬಿಸಿ ಊಟ. ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ, ನಿಮ್ಮ ಮನೆಯ ಪದ್ಧತಿ ಏನೇ ಇರಲಿ, ಡಾಕ್ಟರ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ. ಮನೆಯ ಹಿರಿಯರನ್ನೂ ಒಂದು ಮಾತು ಕೇಳಿ. ನನಗೆ ಗೊತ್ತಿರುವುದು ಇಷ್ಟೇ.

ಈ ಸಲದ ಪರ್ವಕ್ಕೆ ಹೋಗುವುದು ಬೇಡ ಅಂದೆ. ಸೃಷ್ಟಿಯೇ ಹಟ ಹಿಡಿದಳು, ಹೋದೆವು. ಬೆಳಗಿನ ಪ್ರವಚನ ಮುಗಿದ ಮೇಲೆ, ಹೋದ ವರ್ಷ ರಾತ್ರಿ ಊಟ ಬಿಟ್ಟು ವರ್ಷ ಪೂರ್ತಿ ಮಾಡಿದ ಮಕ್ಕಳು ಎದ್ದು ನಿಲ್ಲಬೇಕು ಅಂದರು ಬಸದಿಯವರು. ಹನ್ನೊಂದು ಮಕ್ಕಳು ಎದ್ದರು. ಒಬ್ಬೊಬ್ಬರ ಹೆಸರು ಕರೆದು ಒಂದೊಂದು ಸ್ಟೀಲ್ ಡಬ್ಬಿ ಕೊಟ್ಟರು, ಜನ ಚಪ್ಪಾಳೆ ತಟ್ಟಿದರು. ಸೃಷ್ಟಿ ನನ್ನ ಪಕ್ಕದಲ್ಲಿದ್ದಳು, ಬೆಳಿಗ್ಗೆ ಗುಳಿಗೆ ನುಂಗಿ ಬಂದಿದ್ದಳು. ಎರಡೂ ಕೈ ಮಡಿಲಲ್ಲಿ, ಕಣ್ಣು ಮುಂದೆ. ಕಾಲಿನ ಬೆರಳು ಕೂಡ ಅಲುಗಲಿಲ್ಲ. ನಾಲ್ಕು ವರ್ಷ ಇದೇ ಬಸದಿಯಲ್ಲಿ ಕಣ್ಣು ಮುಚ್ಚಿ ನಾನು ಕೇಳಿಕೊಂಡದ್ದು ಒಂದೇ ಒಂದು, ಈ ಹುಡುಗಿ ಒಂದು ಕಡೆ ಸುಮ್ಮನೆ ಕೂಡಲಿ ಅಂತ. ಅವಳು ಕೂತಿದ್ದಳು. ಹನ್ನೊಂದನೇ ಹೆಸರು ಕರೆದು ಮುಗಿಯುವ ತನಕ ಹಾಗೇ ಕೂತಿದ್ದಳು.